ಮುರಿದ ಕಾಲಿಗೆ ಬಾಣಂತನ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ 36 ವರ್ಷದ ಮಹಿಳೆ. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೈಕಿನಿಂದ ಬಿದ್ದು ಬಲಗಾಲಿನ ಮೊಣಕಾಲ ಕೆಳಗಿನ ದೊಡ್ಡ ಮೂಳೆ ಮುರಿದಿತ್ತು; ಆಪರೇಷನ್ ಮಾಡಿ ಒಳಗೆ ರಾಡು ಕೂರಿಸಿದ್ದರು. ಊಟ-ತೂಕದ ಆಪ್ತಸಲಹೆ ಕೊಡುವ ನಮ್ಮಲ್ಲಿಗೆ ಬಂದದ್ದು ಏಳು ತಿಂಗಳ ಮೇಲೆ. ಎತ್ತರ 154 ಸೆಂ.ಮೀ. ಬೀಳುವ ಮೊದಲು 58 ಕೆ.ಜಿ. ಇದ್ದವರು ಈಗ 73. ಹೊಟ್ಟೆಯ ಸುತ್ತಳತೆ 97 ಸೆಂ.ಮೀ.; ನಮ್ಮ ಹೆಣ್ಣುಮಕ್ಕಳಿಗೆ 80 ದಾಟಿದರೇ ಎಚ್ಚರವಿರಬೇಕು. ‘ರಾಡಿನ ತೂಕಾನೂ ಸೇರಿರ್ತದೆ’ ಎಂದು ಮನೆಯವರು ಸಮಾಧಾನ ಹೇಳುತ್ತಿದ್ದರಂತೆ. ರಾಡು, ಸ್ಕ್ರೂ ಎಲ್ಲ ಕೂಡಿದರೂ ಅರ್ಧ ಕೆ.ಜಿ. ಆಗುವುದಿಲ್ಲ.

ಅವರನ್ನು ಕಳಿಸಿದ್ದು ಫಿಸಿಯೋಥೆರಪಿಸ್ಟ್. ಕಾರಣ ತೂಕವಲ್ಲ, ವ್ಯಾಯಾಮದ ನಡುವೆ ಎರಡು ಸಲ ಕಣ್ಣು ಕತ್ತಲೆ ಬಂದು ಕುಸಿದು ಕೂತಿದ್ದರು. ಕೆದಕಿದಾಗ ಹೊರಬಂದದ್ದು: ಮೂರು ವಾರ ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು-ಜೇನು, ಮಧ್ಯಾಹ್ನ ಎರಡು ಚಪಾತಿ, ಅಷ್ಟೇ. ಮೊದಲ ವಾರವೇ ಮೂರು ಕೆ.ಜಿ. ಇಳಿಯಿತು. ಆಮೇಲೆ ತಂಗಿ ಕಡೆಯ ಬೀಗರೂಟ ಬಂತು, ಹಿಡಿತ ತಪ್ಪಿತು, ಹತ್ತು ದಿನದಲ್ಲಿ ನಾಲ್ಕು ಕೆ.ಜಿ. ಮರಳಿತು. ‘ನನ್ನ ಕೈಲಿ ಆಗಲ್ಲ ಮೇಡಂ’ ಎಂಬುದು ಅವರ ತೀರ್ಮಾನ.

ಆ ತೀರ್ಮಾನವನ್ನು ಮೊದಲು ಒಡೆಯಬೇಕಾಗಿತ್ತು. ಮೊದಲ ವಾರ ಇಳಿದದ್ದರಲ್ಲಿ ಹೆಚ್ಚಿನದು ನೀರು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟ (ಗ್ಲೈಕೋಜನ್) ಖಾಲಿಯಾಗುವಾಗ ಅದಕ್ಕೆ ಅಂಟಿದ ನೀರೂ ಹೋಗುತ್ತದೆ. ಉಂಡ ಕೂಡಲೇ ಮರಳುತ್ತದೆ. ಇಳಿದಾಗ ಗೆದ್ದದ್ದೂ ಅಲ್ಲ, ಏರಿದಾಗ ಸೋತದ್ದೂ ಅಲ್ಲ. ಮಂಡಿಚಿಪ್ಪಿನಿಂದ 10 ಸೆಂ.ಮೀ. ಮೇಲೆ ಎರಡೂ ತೊಡೆಗೆ ಟೇಪು ಹಿಡಿಸಿ ಅವರಿಗೇ ತೋರಿಸಿದೆವು: ಬಲತೊಡೆ ಮೂರು ಸೆಂ.ಮೀ. ಸಣ್ಣ. ಮೈ ದಪ್ಪವಾಗುತ್ತಿರುವಾಗಲೇ ಕಾಲು ಬಡವಾಗುತ್ತಿತ್ತು. ಕೂಡುತ್ತಿರುವ ಮೂಳೆಗೂ ಸೊರಗಿದ ಸ್ನಾಯುವಿಗೂ ಪ್ರೋಟೀನು ಬೇಕಾದ ಹೊತ್ತಿನಲ್ಲಿ ಉಪವಾಸ ಬಿದ್ದರೆ ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ. ಟೈಲರ್ ಆದ್ದರಿಂದ ಟೇಪಿನ ಲೆಕ್ಕ ಅವರಿಗೆ ಬೇಗ ಹಿಡಿಸಿತು. ತೂಕದ ಯಂತ್ರಕ್ಕಿಂತ ಅದನ್ನೇ ಹೆಚ್ಚು ನಂಬಿದರು.

ತೂಕ ಏರಿದ ದಾರಿ ಎರಡನೇ ಭೇಟಿಯಲ್ಲಿ, ತಾಯಿಯೂ ಬಂದಾಗ ಸ್ಪಷ್ಟವಾಯಿತು. ಆಪರೇಷನ್ ಆದ ಮೇಲೆ ಮಗಳನ್ನು ತವರಿಗೆ ಕರೆದೊಯ್ದ ತಾಯಿ ತಮಗೆ ಗೊತ್ತಿದ್ದ ಒಂದೇ ಆರೈಕೆ ಮಾಡಿದ್ದರು: ಬಾಣಂತನ. ಕೊಬ್ಬರಿ, ಬೆಲ್ಲ, ಉತ್ತುತ್ತೆ, ತುಪ್ಪ ಹಾಕಿದ ಅಂಟಿನುಂಡೆ ದಿನಕ್ಕೆ ಎರಡು. ಅನ್ನಕ್ಕೆ ಒಂದು ದೊಡ್ಡ ಚಮಚ ತುಪ್ಪ. ವಾರಕ್ಕೆರಡು ಸಲ ಮೇಕೆ ಕಾಲಿನ ಸೂಪು. ಮಂಚದಿಂದ ಇಳಿಯಬಾರದು. ನಲವತ್ತು ಗ್ರಾಂ ತೂಗುವ ಒಂದು ಉಂಡೆಯಲ್ಲಿ ಸುಮಾರು 200 ಕ್ಯಾಲರಿ, ಆ ಚಮಚ ತುಪ್ಪದಲ್ಲಿ 120. ಉಂಡೆ, ತುಪ್ಪ ಎರಡೇ ಸೇರಿ ದಿನಕ್ಕೆ 520. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂದು ಹಿಡಿದರೆ ತಿಂಗಳಿಗೆ ಎರಡು ಕೆ.ಜಿ.; ಏಳು ತಿಂಗಳಿಗೆ ಲೆಕ್ಕ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಬಾಣಂತಿಗೆ ಹಾಲೂಡಿಸುವುದರಲ್ಲೇ ದಿನಕ್ಕೆ 500-600 ಕ್ಯಾಲರಿ ಖರ್ಚಿದೆ. ಕಾಲು ಮುರಿದವರಿಗೆ ಆ ಖರ್ಚೂ ಇಲ್ಲ, ಓಡಾಟವೂ ಇಲ್ಲ.

‘ಕಾಲ್ ಮುರ್ಕೊಂಡಿರೋ ಮಗೀಗೆ ಹೊಟ್ಟೆಗೆ ಕಮ್ಮಿ ಇಕ್ಕು ಅಂದ್ರೆ ಹೆಂಗವ್ವಾ?’ ಎಂದು ಆ ತಾಯಿ ಕೇಳಿದರು. ಇಂಥ ಕಡೆ ಅನೇಕ ಆಪ್ತಸಲಹೆಗಾರರು ಎಡವುತ್ತಾರೆ: ತಾಯಿಯನ್ನು ತಪ್ಪಿತಸ್ಥೆ ಮಾಡಿಬಿಡುತ್ತಾರೆ. ಅಡುಗೆಮನೆ ಅವರ ಕೈಯಲ್ಲಿದೆ, ಮಗಳು ಅವರಿಗೆ ಬೇಡ ಎನ್ನಲಾರಳು; ಅವರೇ ಮುನಿಸಿಕೊಂಡರೆ ಯಾವ ಆಹಾರಪಟ್ಟಿಯೂ ನಡೆಯದು. ‘ಕಮ್ಮಿ ಇಕ್ಕಬೇಡಿ, ಬೇರೆ ಇಕ್ಕಿ’ ಎಂದೆವು. ಕಾಲಿನ ಸೂಪಿನ ವಿಚಾರ ಮಾತ್ರ ನೇರವಾಗಿ ಹೇಳಲೇಬೇಕಾಯಿತು. ಮೂಳೆಯ ಸುಣ್ಣ, ಅಂದರೆ ಕ್ಯಾಲ್ಸಿಯಂ, ನೀರಿಗೆ ಹೆಚ್ಚು ಇಳಿಯುವುದಿಲ್ಲ; ಸೂಪಿನಲ್ಲಿ ಬರುವುದು ಬಹುಪಾಲು ಜಿಗಟು ಮತ್ತು ಮೇಲೆ ತೇಲುವ ಕೊಬ್ಬು. ಸುಣ್ಣ ಬೇಕೆಂದರೆ ಅವರ ಮನೆಯ ರಾಗಿಯೇ ಇದೆ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ. ಮುದ್ದೆ ಬಿಟ್ಟು ಚಪಾತಿಗೆ ಹೋಗಿದ್ದ ಮಗಳನ್ನು ಮತ್ತೆ ಮುದ್ದೆಗೆ ತಂದದ್ದರಲ್ಲಿ ತಾಯಿಗೆ ಅರ್ಧ ಸಮಾಧಾನ ಸಿಕ್ಕಿತು.

ಆದರೆ ಊಟ ಬದಲಿಸುವ ಮೊದಲು ಆಪರೇಷನ್ ಮಾಡಿದ ವೈದ್ಯರ ಬಳಿ ಹೋಗಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಸಿಕೊಂಡು ಬರಬೇಕೆಂದು ಕಟ್ಟುನಿಟ್ಟಾಗಿ ಹೇಳಿದೆವು. ಹೊಸ ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆಯೇ? ಬಲಗಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಯಾವ ಚಲನೆ ಮಾಡಬಾರದು? ಈಗಿನ ಮಾತ್ರೆಗಳಲ್ಲಿ ತೂಕ ಏರಿಸುವಂಥದ್ದು ಯಾವುದಾದರೂ ಇದೆಯೇ? ಕೊನೆಯದನ್ನು ಯಾರೂ ಕೇಳುವುದಿಲ್ಲ. ನರದ ನೋವಿಗೆ ಕೊಡುವ ಪ್ರೆಗಾಬಲಿನ್, ಗಾಬಾಪೆಂಟಿನ್‌ನಿಂದ ಕೆಲವರಿಗೆ ಹಸಿವು ಮತ್ತು ತೂಕ ಏರುತ್ತದೆ, ಕಾಲು ಊದುತ್ತದೆ. ಇವರು ಪ್ರೆಗಾಬಲಿನ್ ನುಂಗುತ್ತಿದ್ದರು. ಅದನ್ನು ಒಮ್ಮೆಗೇ ನಿಲ್ಲಿಸಬಾರದು. ವೈದ್ಯರು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಥೈರಾಯ್ಡ್, ಸಕ್ಕರೆ, ರಕ್ತಹೀನತೆ, ವಿಟಮಿನ್ ಡಿ ಪರೀಕ್ಷೆಯೂ ಆಯಿತು. ವಿಟಮಿನ್ ಡಿ ಕಡಿಮೆಯಿತ್ತು, ಚಿಕಿತ್ಸೆ ಶುರುವಾಯಿತು. ಮೂಳೆ ಕೂಡಿತ್ತು, ಪೂರ್ತಿ ಭಾರಕ್ಕೆ ಒಪ್ಪಿಗೆ ಸಿಕ್ಕಿತು. ಕೂಡಿಲ್ಲ ಎಂದಿದ್ದರೆ ತೂಕ ಇಳಿಸುವ ಮಾತನ್ನು ನಾವು ಅಲ್ಲಿಗೇ ಬದಿಗಿಡುತ್ತಿದ್ದೆವು.

ಊಟದ ಗುರಿ: ದಿನಕ್ಕೆ 1,400 ಕ್ಯಾಲರಿಯ ಆಸುಪಾಸು, ಪ್ರೋಟೀನು 70 ಗ್ರಾಂ. ಇನ್ನೂ ಇಳಿಸಿದರೆ ವೇಗ ಹೆಚ್ಚುತ್ತದೆ ನಿಜ, ಫಿಸಿಯೋ ಮಾಡಲು ತ್ರಾಣ ಉಳಿಯುವುದಿಲ್ಲ. ಕ್ಯಾಲರಿ ಲೆಕ್ಕವನ್ನು ಅವರ ತಲೆಗೆ ಕಟ್ಟದೆ ಸೌಟು, ಲೋಟದ ಅಳತೆಗೆ ಇಳಿಸಿದೆವು. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಎರಡು ಇಡ್ಲಿ ಅಥವಾ ಒಂದು ರಾಗಿರೊಟ್ಟಿ, ಸಾಂಬಾರು. ಹನ್ನೊಂದಕ್ಕೆ ಸಕ್ಕರೆಯಿಲ್ಲದ ಒಂದು ಲೋಟ ಹಾಲು. ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಒಂದೇ ಮುದ್ದೆ. ಮೊದಲು ಅವರ ಮುದ್ದೆ 150 ಗ್ರಾಂ ಹಿಟ್ಟಿನದು. ಜೊತೆಗೆ ಬಸ್ಸಾರು, ಒಂದು ಬಟ್ಟಲು ಮೊಸರು. ಬಸ್ಸಾರಿನಲ್ಲೂ ಒಂದು ಗುಟ್ಟಿದೆ: ಬಸಿದ ಕಟ್ಟಿನ ಸಾರನ್ನಷ್ಟೇ ಮುದ್ದೆಗೆ ಹಾಕಿಕೊಂಡು ಕಾಳು-ಸೊಪ್ಪಿನ ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಇಟ್ಟುಕೊಳ್ಳುವುದು ರೂಢಿ. ಪ್ರೋಟೀನು ಇರುವುದು ಆ ಪಲ್ಯದಲ್ಲಿ. ಅದು ಮುದ್ದೆಯಷ್ಟೇ ಗಾತ್ರ ಇರಲಿ ಎಂದೆವು. ಹುರುಳಿ, ಅವರೆ, ಅಲಸಂದೆ ಯಾವುದಾದರೂ ಸರಿ, ಒಣಕಾಳಿನ ಲೆಕ್ಕದಲ್ಲಿ 40 ಗ್ರಾಂ. ಸಂಜೆ ಒಂದು ಹಿಡಿ ಹುರಿಗಡಲೆ. ರಾತ್ರಿ ಒಂದು ಬಟ್ಟಲು ಅನ್ನ, ತರಕಾರಿ, ವಾರಕ್ಕೆ ಮೂರು ದಿನ 100 ಗ್ರಾಂ ಕೋಳಿ, ಉಳಿದ ದಿನ 30 ಗ್ರಾಂ ಸೋಯಾ ಅಥವಾ ಕಾಳು. ಅಡುಗೆ ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್. ಅಂಟಿನುಂಡೆ ಭಾನುವಾರ ಒಂದು. ಪೂರ್ತಿ ನಿಲ್ಲಿಸಿದ್ದರೆ ತಾಯಿ ಕದ್ದು ಕೊಡುತ್ತಿದ್ದರು, ಮಗಳು ಕದ್ದು ತಿನ್ನುತ್ತಿದ್ದರು.

ಅವರ ಕಷ್ಟದ ಹೊತ್ತು ಮಧ್ಯಾಹ್ನ ಮೂರರಿಂದ ಐದು. ಮನೆಯಲ್ಲಿ ಯಾರೂ ಇಲ್ಲ, ಟಿ.ವಿ. ಮುಂದೆ ನಿಪ್ಪಟ್ಟಿನ ಡಬ್ಬಿ. ಒಂದು ವಾರ ತಿಂದದ್ದರ ಪಕ್ಕದಲ್ಲಿ ಹಸಿವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆಸಿದೆವು. ಆ ಹೊತ್ತಿನ ಅಂಕ ಎರಡು, ಮೂರು ದಾಟಲೇ ಇಲ್ಲ. ಅದು ಹಸಿವಲ್ಲ. ಇಡೀ ದಿನ ಮಿಷನ್ ಮೇಲೆ ಓಡುತ್ತಿದ್ದ ಕೈಗೆ ಕೆಲಸವಿಲ್ಲ, ಮತ್ತು ಬಿದ್ದ ಕ್ಷಣ ಮತ್ತೆ ಮತ್ತೆ ಕಣ್ಣಮುಂದೆ ಬರುವುದೂ ಆಗಲೇ. ಊರಿನ ಟೈಲರಿಂದ ಬ್ಲೌಸಿಗೆ ಹುಕ್ಕು ಕಟ್ಟುವ, ಅಂಚು ಹೆಮ್ಮಿಂಗ್ ಮಾಡುವ ಕೆಲಸ ತರಿಸಿಕೊಳ್ಳಿ ಎಂದೆವು. ಸೂಜಿ ಹಿಡಿದ ಕೈ ಡಬ್ಬಿಗೆ ಹೋಗುವುದಿಲ್ಲ. ಎಣ್ಣೆಗೈಯಲ್ಲಿ ಬಟ್ಟೆ ಮುಟ್ಟುವಂತೆಯೂ ಇಲ್ಲ. ಬೆಚ್ಚಿಬೀಳುವುದು, ನಿದ್ದೆಗೇಡು ಒಂದು ತಿಂಗಳಲ್ಲಿ ತಗ್ಗದಿದ್ದರೆ ಮನೋವೈದ್ಯರಿಗೆ ತೋರಿಸಬೇಕು, ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು ಎಂದು ಬರೆದುಕೊಟ್ಟೆವು.

ನಿದ್ದೆಗೇಡಿಗೆ ಸಂಬಳದ ಚಿಂತೆಯೂ ಕಾರಣವಾಗಿತ್ತು. ಬಿದ್ದದ್ದು ಫ್ಯಾಕ್ಟರಿಯಿಂದ ಮನೆಗೆ ಬರುವಾಗ. ಹೊತ್ತು, ದಾರಿ ಕೆಲಸಕ್ಕೆ ಹೊಂದಿಕೆಯಾದರೆ ಅಂಥ ಅಪಘಾತವನ್ನು ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಕೆಲಸದ ಗಾಯವೆಂದೇ ಪರಿಗಣಿಸುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಾಗದಪತ್ರ ಹಿಡಿದು ಇ.ಎಸ್.ಐ. ಕಚೇರಿಗೆ ಹೋಗಲು ಗಂಡನಿಗೆ ಹೇಳಿದೆವು. ಜೊತೆಗೆ ಇನ್ನೊಂದು: ‘ಎಷ್ಟು ಇಳೀತು?’ ಎಂದು ಕೇಳುವುದನ್ನು ಆತ ನಿಲ್ಲಿಸಬೇಕು.

ವ್ಯಾಯಾಮದ ಪಟ್ಟಿ ಫಿಸಿಯೋ ಅವರದು. ಅದನ್ನು ದಿನಚರಿಗೆ ಕಟ್ಟಿದ್ದಷ್ಟೇ ನಮ್ಮ ಕೆಲಸ. ಹಲ್ಲುಜ್ಜಿ ಬಂದ ಮೇಲೆ ಮಂಚದ ಮೇಲೆ ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಐದು ಸೆಕೆಂಡ್ ಒತ್ತುವುದು, ಹತ್ತು ಸಲ. ಕಾಲು ನೇರ ಇಟ್ಟು ಒಂದು ಗೇಣು ಎತ್ತುವುದು, ಹತ್ತು ಸಲ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಇಪ್ಪತ್ತು ಸಲ. ಮಿಷನ್ ಪೆಡಲಿಗೆ ಬೇಕಾದ ಚಲನೆಯೇ ಅದು ಎಂದು ತಿಳಿದ ಮೇಲೆ ಅವರು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಊಟಕ್ಕೆ ಮೊದಲು ಗೋಡೆಗೆ ಒತ್ತಿಟ್ಟ, ಕೈಯಿರುವ ಕುರ್ಚಿಯಿಂದ ಎದ್ದು ಕೂರುವುದು, ಐದರಿಂದ ಶುರು. ನಡಿಗೆ ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ. ವಾರಕ್ಕೊಮ್ಮೆ ಪ್ರತಿ ಸಲಕ್ಕೂ ಒಂದು ನಿಮಿಷ ಸೇರಿಸುವುದು. ಕೋಲು ಎಡಗೈಯಲ್ಲಿ, ಅಂದರೆ ಪೆಟ್ಟಾದ ಕಾಲಿನ ಎದುರು ಕೈಯಲ್ಲಿ. ಇವರು ಏಳು ತಿಂಗಳೂ ಬಲಗೈಯಲ್ಲೇ ಹಿಡಿದಿದ್ದರು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಡೆಯುವ ಜಾಗ ಶಾಲೆಯ ಮೈದಾನ, ನಾಲೆ ಏರಿಯಲ್ಲ. ಏರಿ ಒಂದು ಕಡೆಗೆ ವಾಲಿರುತ್ತದೆ, ಜಲ್ಲಿ ಜಾರುತ್ತದೆ, ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ.

ನೋವಿಗೆ ಒಂದು ಅಳತೆ: ಹತ್ತರಲ್ಲಿ ಮೂರರೊಳಗೆ ಇದ್ದು ಮರುದಿನ ಬೆಳಿಗ್ಗೆಗೆ ಹೋದರೆ ಮುಂದುವರಿಸಿ, ಉಳಿದರೆ ಅರ್ಧಕ್ಕೆ ಇಳಿಸಿ. ಮೀನಖಂಡ ಒಂದೇ ಕಾಲಿನಲ್ಲಿ ಊದಿ ಬಿಸಿಯಾಗಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಜ್ವರದ ಜೊತೆ ಗಾಯದಲ್ಲಿ ಕೀವು, ಮುರಿದ ಜಾಗದಲ್ಲೇ ಹೊಸ ನೋವು: ಇವಕ್ಕೆ ಅರ್ಧ-ಕಾಲು ಲೆಕ್ಕವಿಲ್ಲ, ತಕ್ಷಣ ಆಸ್ಪತ್ರೆ.

ಎಲ್ಲವೂ ನೆಟ್ಟಗೆ ನಡೆಯಲಿಲ್ಲ. ಮೂರನೇ ವಾರ ತೂಕ 800 ಗ್ರಾಂ ಏರಿತು, ಅಳುತ್ತ ಫೋನ್ ಮಾಡಿದರು. ವ್ಯಾಯಾಮಕ್ಕೆ ಹೊಸದಾಗಿ ಒಡ್ಡಿಕೊಂಡ ಸ್ನಾಯು ನೀರು ಹಿಡಿದಿಟ್ಟುಕೊಳ್ಳುತ್ತದೆ, ಮುಟ್ಟಿನ ದಿನಗಳೂ ಹತ್ತಿರವಿದ್ದವು. ಸಾಲದ್ದಕ್ಕೆ ಆ ಸಲ ತೂಗಿದ್ದು ಬೇರೆ ಯಂತ್ರದಲ್ಲಿ, ಊಟವಾದ ಮೇಲೆ. ವಾರಕ್ಕೊಮ್ಮೆ, ಒಂದೇ ಯಂತ್ರ, ಬೆಳಿಗ್ಗೆ ಶೌಚವಾದ ಮೇಲೆ, ನಾಲ್ಕು ವಾರದ ಸರಾಸರಿ ಮಾತ್ರ ನೋಡುವುದು ಎಂದು ಗೊತ್ತುಮಾಡಿದೆವು. ಆರನೇ ವಾರದಲ್ಲಿ ಹುರುಪು ಹೆಚ್ಚಾಗಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ಎರಡು ಕಿಲೋಮೀಟರು ನಡೆದುಬಿಟ್ಟರು. ಮಾರನೇ ಬೆಳಿಗ್ಗೆ ನೋವು ಆರು. ಎರಡು ದಿನ ನಡಿಗೆ ಬಿಟ್ಟು, ಆಮೇಲೆ ಅರ್ಧದಿಂದ ಮತ್ತೆ ಶುರು. ಹುರುಪು ಬಂದಾಗಲೇ ಇಂಥ ಎಡವಟ್ಟಾಗುವುದು, ಬೇಸರ ಬಂದಾಗ ಅಲ್ಲ.

ಹನ್ನೆರಡು ವಾರಕ್ಕೆ 69.5 ಕೆ.ಜಿ., ಐದು ತಿಂಗಳಿಗೆ 67. ಹೊಟ್ಟೆಯ ಸುತ್ತಳತೆ 90. ತೊಡೆಯ ಅಂತರ ಮೂರರಿಂದ ಒಂದು ಸೆಂ.ಮೀ.ಗೆ ಇಳಿದಿದೆ. ಬೀಳುವ ಮೊದಲಿದ್ದ 58 ಈಗಲೇ ಬೇಕೆಂಬ ಹಟವನ್ನು ಸದ್ಯಕ್ಕೆ ಬಿಡಿಸಿ, ಮುಂದಿನ ಗುರಿಯನ್ನು 64ಕ್ಕೆ ಇಟ್ಟಿದ್ದೇವೆ. ವೈದ್ಯರ ಒಪ್ಪಿಗೆಯ ಮೇಲೆ ಕೆಲಸಕ್ಕೆ ಮರಳಿದ್ದಾರೆ. ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಿಲ್ಲಲು ಸೂಪರ್‌ವೈಸರ್ ಒಪ್ಪಿದ್ದಾರೆ. ಪೆಡಲನ್ನು ಬಲಗಾಲಿನಲ್ಲೇ ಒತ್ತುತ್ತಾರೆ. ಬೈಕಿನ ಹಿಂದೆ ಕೂರಲು ಇನ್ನೂ ಒಪ್ಪಿಲ್ಲ, ಬಸ್ಸಿನಲ್ಲಿ ಹೋಗಿಬರುತ್ತಾರೆ. ಅದರ ಕೆಲಸ ಮುಂದಿನ ಭೇಟಿಯಿಂದ.