ತಕ್ಕಡಿಯ ಸರದಿ ಬೇರೆ, ಬಿಲ್ಲಿನ ಸರದಿ ಬೇರೆ

ಪ್ರಶ್ನೆ: ಸರ್, ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿರುವ ಮಾವನ ಅಡಿಕೆ ಖರೀದಿ ಅಂಗಡಿಗೆ ದಾಖಲೆಗಳನ್ನು ಇಡುವ ತಂತ್ರಾಂಶ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಬಿಲ್ಲಿಂಗ್ ಮಾಡಿಕೊಟ್ಟಿದ್ದೇನೆ. ಫಾರ್ಮ್ (ಲೆಕ್ಕ ತುಂಬುವ ಪರದೆ) ಚೆನ್ನಾಗಿಯೇ ಬಂದಿದೆ. ಆದರೆ ಪ್ರಿಂಟ್ ಒತ್ತಿದರೆ ಹಳೆಯ ಬಿಲ್ಲುಗಳೂ ಸಾಲಾಗಿ ಹೊರಬರುತ್ತವೆ. "ಕಾಗದದ ದುಡ್ಡು ನೀನು ಕೊಡ್ತೀಯಾ?" ಅಂತ ಮಾವ ಕೇಳುತ್ತಾರೆ. ರಿಪೋರ್ಟ್ (ಪ್ರಿಂಟಿಗೆಂದು ಜೋಡಿಸುವ ಪುಟ) ಮಾಡಿ ನೋಡಿದೆ, ಪ್ರತಿ ಹಾಳೆಯ ಹಿಂದೆ ಒಂದು ಖಾಲಿ ಹಾಳೆ! ಫಾರ್ಮನ್ನೇ ಸರಿಪಡಿಸಲೋ, ರಿಪೋರ್ಟೇ ಬೇಕೋ?

– ಓದುಗ, ಪೆರ್ಲ

ಉತ್ತರ: ಮಾವ ಕೇಳಿದ್ದು ನ್ಯಾಯವೇ. ಫಾರ್ಮಿಗೆ ಪ್ರಿಂಟ್ ಕೊಟ್ಟರೆ ಅದರೊಳಗಿನ ದಾಖಲೆಗಳೆಲ್ಲ ಬರುತ್ತವೆ. ಪ್ರಿಂಟ್ ಪೆಟ್ಟಿಗೆಯಲ್ಲಿ 'ಸೆಲೆಕ್ಟೆಡ್ ರೆಕಾರ್ಡ್ಸ್' ಆರಿಸಿದರೆ ಒಂದೇ ಬಂದೀತು, ಆದರೆ ಅಂಗಡಿಯಲ್ಲಿ ಜನ ನಿಂತಿರುವಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ? ರಿಪೋರ್ಟೇ ಮಾಡಿ.

ಕಾಗದ ಉಳಿಸುವುದಕ್ಕೆ ಮಾತ್ರ ಈ ಮಾತಲ್ಲ. ಜೀಪಿನಿಂದ ಗೋಣಿ ಇಳಿಯುವ ಕ್ರಮ ನೋಡಿದ್ದೀರಲ್ಲ: ಒಂದು ಹೊಸ ಅಡಿಕೆ, ಅದರ ಹಿಂದೆ ಪಟೋರ, ಮತ್ತೆ ಹೊಸತು, ಕೊನೆಗೆ ಮೂಲೆಯಲ್ಲಿದ್ದ ಕರಿಗೋಟು (ಪಟೋರ, ಕರಿಗೋಟು ಎರಡೂ ಕೆಳದರ್ಜೆಯ ಅಡಿಕೆ). ತೂಕ ಹೇಳಿದ ಹಾಗೆ ಟೈಪ್ ಮಾಡಬೇಕು, ಫಾರ್ಮ್ ಆ ಸರದಿಗೇ ಒಗ್ಗಿರಬೇಕು. ಬೆಳೆಗಾರರು ಬಿಲ್ಲನ್ನು ಮಡಚಿ ಜೇಬಿಗೆ ಹಾಕಿ, ಮನೆ ಜಗಲಿಯಲ್ಲಿ ಕೂತು ತಾಳೆ ನೋಡುವವರು. ಅವರಿಗೆ ಹೊಸ ಅಡಿಕೆಯೆಲ್ಲ ಒಂದು ಕಡೆ, ಅದರ ಒಟ್ಟು ತೂಕ, ದರ, ಮೊತ್ತ, ಆಮೇಲೆ ಪಟೋರ. ಈ ಗುಂಪುಗೂಡಿಸುವ ಕೆಲಸ ರಿಪೋರ್ಟಿನ 'ಗ್ರೂಪಿಂಗ್'ನಲ್ಲಿದೆ, ಫಾರ್ಮಿನಲ್ಲಿ ಇಲ್ಲ. ಸಾಲಿನಿಂದ ಸಾಲಿಗೆ ಮೊತ್ತ ಏರಿಸುತ್ತಾ ಹೋಗುವ 'ರನ್ನಿಂಗ್ ಸಮ್' ಕೂಡ ರಿಪೋರ್ಟಿಗೆ ಮಾತ್ರ.

ಫಾರ್ಮಿನಲ್ಲಿ ಒಂದು ಬಟನ್ ಇಡಿ. 'ಓಪನ್‌ರಿಪೋರ್ಟ್' ಆಜ್ಞೆಯ 'ವೇರ್ ಕಂಡೀಶನ್'ಗೆ (ಯಾವ ದಾಖಲೆ ಬೇಕೆಂಬ ಷರತ್ತಿಗೆ) ಬಿಲ್ ನಂಬರ್ ಕೊಟ್ಟರೆ ಅದೊಂದೇ ಬಿಲ್ ತೆರೆಯುತ್ತದೆ. ಬಟನ್ನಿನ ಕೋಡಿನಲ್ಲಿ ಅದಕ್ಕೂ ಮೊದಲು ದಾಖಲೆ ಸೇವ್ ಆಗುವ ಸಾಲು ಬರೆಯಲೇಬೇಕು. ರಿಪೋರ್ಟ್ ಓದುವುದು ದಾಖಲೆಗಳು ಸೇವ್ ಆಗಿರುವ ಟೇಬಲನ್ನು, ಸ್ಕ್ರೀನನ್ನಲ್ಲ. ಸೇವ್ ಮಾಡದಿದ್ದರೆ ಆಗಷ್ಟೇ ತಿದ್ದಿದ ದರ ಕಾಗದಕ್ಕೆ ಬರುವುದಿಲ್ಲ, ಜಗಳ ಕೌಂಟರಿನಲ್ಲೇ ಶುರು.

ಖಾಲಿ ಹಾಳೆಯ ಕಾಟಕ್ಕೆ ಹೆಚ್ಚಾಗಿ ಕಾರಣ ಅಗಲ. ಎ4 ಹಾಳೆ 21 ಸೆಂ.ಮೀ. ಅಗಲ. ಎರಡೂ ಬದಿ 2 ಸೆಂ.ಮೀ. ಅಂಚು ಬಿಟ್ಟರೆ ರಿಪೋರ್ಟ್ 17 ಸೆಂ.ಮೀ. ಮೀರಬಾರದು. ಬಲಗಡೆ ಒಂದು ಗೆರೆ ಹೊರಗೆ ಚಾಚಿದ್ದರೂ ಸಾಕು, ಉಳಿದ ಅಗಲ ಇನ್ನೊಂದು ಹಾಳೆಗೆ ಹೋಗುತ್ತದೆ. ಆ ಗೆರೆ ಮೊಟಕು ಮಾಡಿ, ಆಮೇಲೆ ವಿನ್ಯಾಸದ ಬಲ ಅಂಚನ್ನು ಒಳಗೆ ಎಳೆಯಿರಿ.

ನಿಮ್ಮ ಕಡೆ ಮಲಯಾಳ ಮಾತ್ರ ಓದುವ ಗಿರಾಕಿಗಳೂ ಇರುತ್ತಾರೆ. ರಿಪೋರ್ಟಿನ ನಕಲು ತೆಗೆದು ತಲೆಬರಹಗಳನ್ನು ಮಲಯಾಳದಲ್ಲಿ ಹಾಕಿ, ಫಾರ್ಮನ್ನು ಮುಟ್ಟಬೇಕಾಗಿಲ್ಲ.

ಹಾಗಂತ ಎಲ್ಲದಕ್ಕೂ ರಿಪೋರ್ಟ್ ಮಾಡಲು ಹೋಗಬೇಡಿ. ಗೋದಾಮಿನಲ್ಲಿ ಈಗ ಪಟೋರ ಎಷ್ಟಿದೆ ಎಂದು ಮಾವ ಕೇಳಿದರೆ ಸ್ಕ್ರೀನಿನಲ್ಲೇ ತೋರಿಸಿ. ಆ ಲೆಕ್ಕ ಮುಂದಿನ ಜೀಪು ಬಂದೊಡನೆ ಬದಲಾಗುತ್ತದೆ.