ಊರಿನ ಕಂಪ್ಯೂಟರ್ ಬಳಕೆದಾರರ ಕೂಟಕ್ಕೆ ಮತ್ತೆ ಜೀವ ತುಂಬಲು ಇದು ತಕ್ಕ ಕಾಲವೇ?

ದೊಡ್ಡ ಕಂಪ್ಯೂಟರ್ ಮೇಳಗಳು ಮುಚ್ಚುತ್ತಿರುವುದರಿಂದ ದಾವಣಗೆರೆಯ ನಿಮ್ಮ ಹಳೆಯ ಕೂಟವನ್ನು ಈಗ ಎಬ್ಬಿಸಬಹುದೇ, ಹೆಸರಾಂತ ಭಾಷಣಕಾರರೊಬ್ಬರನ್ನು ಕರೆಸಿ ಆರಂಭಿಸಿದರೆ ಹೇಗೆ ಎಂದು ಕೇಳಿದ್ದೀರಿ. ಆ ಎರಡನೆಯ ಮಾತನ್ನು ಓದಿದ ಕೂಡಲೇ ನನಗೆ 2006ರ ಹುಬ್ಬಳ್ಳಿ ನೆನಪಾಯಿತು.

ಆಗ ನಾವು ಏಳೆಂಟು ಜನ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸ್ಟೇಷನ್ ರಸ್ತೆಯ ಒಂದು ಟ್ಯುಟೋರಿಯಲ್ಲಿನ ಮಹಡಿಯಲ್ಲಿ ಸೇರುತ್ತಿದ್ದೆವು. ಲಿನಕ್ಸ್ (ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ) ಬಳಕೆದಾರರ ಕೂಟ ಎಂಬ ಹೆಸರಿತ್ತಾದರೂ, ಬರುತ್ತಿದ್ದ ಡಿಟಿಪಿ ಅಂಗಡಿಯವರು, ಸಹಕಾರಿ ಸಂಘದ ಗುಮಾಸ್ತರು, ವಿದ್ಯಾರ್ಥಿಗಳು ಇವರಲ್ಲಿ ಅರ್ಧದಷ್ಟು ಜನ ಲಿನಕ್ಸನ್ನು ಕಂಡವರೇ ಅಲ್ಲ. ಡಯಲ್‌ಅಪ್ ಸಂಪರ್ಕದಲ್ಲಿ 700 ಎಂಬಿಯ ಒಂದು ಸಿಡಿಯನ್ನು ಇಳಿಸಿಕೊಳ್ಳಲು ಒಂದು ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತಿದ್ದ ಕಾಲವದು. ಸಿಡಿ ನಕಲು ಮಾಡಿಕೊಡುವುದು ಮತ್ತು ಕೆಟ್ಟ ಯಂತ್ರವನ್ನು ಎದುರಿಗೇ ಬಿಚ್ಚಿ ನೋಡುವುದು, ಇವೆರಡೇ ನಮ್ಮ ಕೆಲಸ. ಜನ ಸಿಪಿಯು ಹೊತ್ತು ತರುತ್ತಿದ್ದರು. ಮಾನಿಟರ್, ಕೀಬೋರ್ಡ್ ನಮ್ಮಲ್ಲಿರುತ್ತಿದ್ದವು.

2005ರ ಕೊನೆಯಲ್ಲಿ ಬೆಂಗಳೂರಿನ ಫಾಸ್.ಇನ್ ಎಂಬ ಮುಕ್ತ ತಂತ್ರಾಂಶ ಸಮ್ಮೇಳನಕ್ಕೆ ಹೋಗಿ ಬಂದ ಮೇಲೆ ನಮ್ಮ ಕೂಟ ನನಗೆ ತೀರ ಚಿಕ್ಕದಾಗಿ ಕಂಡಿತು. ತಿಂಗಳಿಗೊಬ್ಬ ಭಾಷಣಕಾರರನ್ನು ಬೆಂಗಳೂರಿನಿಂದ ಕರೆಸೋಣ ಎಂದು ನಾನೇ ಹಟ ಹಿಡಿದೆ. ಭಾಷಣಕಾರರಿಗೆ ಎರಡನೆಯ ಭಾನುವಾರ ಅನುಕೂಲವಾಗದಿದ್ದಾಗ ಸಭೆಯನ್ನು ಮೂರನೆಯ ಶನಿವಾರಕ್ಕೆ, ಮರುತಿಂಗಳು ಮೊದಲನೆಯ ಭಾನುವಾರಕ್ಕೆ ಸರಿಸಿದೆ. ಪ್ರತಿ ಸಲವೂ ಮೇಲ್ ಕಳುಹಿಸಿದ್ದೆನಾದ್ದರಿಂದ ಎಲ್ಲರಿಗೂ ತಿಳಿಸಿದ್ದೇನೆಂದೇ ನಂಬಿದ್ದೆ.

ಗದಗದಿಂದ ಒಬ್ಬ ನಿವೃತ್ತ ಮಾಸ್ತರರು ಬರುತ್ತಿದ್ದರು. ಅವರ ಹಾರ್ಡ್ ಡಿಸ್ಕ್ ಬೂಟ್ ಆಗುತ್ತಿರಲಿಲ್ಲ. ಅದರೊಳಗೆ ಅವರು ವರ್ಷಗಟ್ಟಲೆ ಸಂಗ್ರಹಿಸಿ ಬೆರಳಚ್ಚಿಸಿದ್ದ ಜಾನಪದ ಹಾಡುಗಳಿದ್ದವು. ಮುಂದಿನ ಎರಡನೆಯ ಭಾನುವಾರ ತನ್ನಿರಿ, ಕಡತಗಳನ್ನು ಹೊರತೆಗೆಯೋಣ ಎಂದು ಹೇಳಿದವನೂ ನಾನೇ. ಅವರು ಸಿಪಿಯುವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದು, ಬೀಗ ಹಾಕಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಮಧ್ಯಾಹ್ನ ಒಂದರವರೆಗೆ ಕುಳಿತಿದ್ದರೆಂದು ಕೆಳಗಿನ ಚಹಾ ಅಂಗಡಿಯವರು ಆಮೇಲೆ ಹೇಳಿದರು. ಅವರು ಮತ್ತೆ ಬರಲಿಲ್ಲ.

ನಾನು ಮಾಡಿದ್ದು ಏನೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಅರಿಯಲು ನನಗೆ ಬಹಳ ವರ್ಷ ಬೇಕಾಯಿತು. ದಿನ ಬದಲಾಗಿದೆ ಎಂಬ ಸುದ್ದಿಯನ್ನು ನಾನು ಕಂಪ್ಯೂಟರಿನ ಮೂಲಕ ಕಳುಹಿಸಿದೆ. ಅವರು ಬರುತ್ತಿದ್ದುದೇ ಕಂಪ್ಯೂಟರ್ ನಡೆಯದಿದ್ದುದರಿಂದ. ನಮ್ಮ ನೆರವು ಯಾರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿತ್ತೋ ಅವರಿಗೇ ನನ್ನ ಪ್ರಕಟಣೆ ತಲುಪುವಂತಿರಲಿಲ್ಲ. ಅಂಥವರಿಗೆ ಎರಡನೆಯ ಭಾನುವಾರ, ಹತ್ತು ಗಂಟೆ, ಅದೇ ಮಹಡಿ ಎಂಬ ಮೂರು ಸಂಗತಿಗಳೇ ಪ್ರಕಟಣೆ. ಸಂತೆಯ ದಿನವನ್ನು ಯಾರೂ ಕರೆದು ಹೇಳಬೇಕಿಲ್ಲವಲ್ಲ, ಹಾಗೆ. ಆ ಮೂರನ್ನು ನಾನು ಅತಿಥಿಯ ಅನುಕೂಲಕ್ಕಾಗಿ ಬಿಟ್ಟುಕೊಟ್ಟೆ. ಭಾಷಣಕ್ಕೆ ಅರವತ್ತು ಜನ ಬಂದದ್ದೂ ಉಂಟು, ಆದರೆ ಸಿಪಿಯು ಹೊತ್ತು ಬರುವವರು ಒಬ್ಬೊಬ್ಬರಾಗಿ ನಿಂತುಹೋದರು. 2007ರ ದೀಪಾವಳಿಯ ನಂತರ ಕೂಟ ಸೇರಲೇ ಇಲ್ಲ.

ಮೇಳಗಳು ಮುಚ್ಚಿದರೆ ಕೂಟಗಳಿಗೆ ಜಾಗ ಸಿಗುತ್ತದೆ ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಗ್ಯಾರೇಜೊಂದರಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲು ಸೇರಿದ್ದು 1975ರ ಮಾರ್ಚ್‌ನಲ್ಲಿ. ಅಮೆರಿಕದ ದೊಡ್ಡ ಕಂಪ್ಯೂಟರ್ ಮೇಳ ಕಾಮ್‌ಡೆಕ್ಸ್ ಹುಟ್ಟಿದ್ದು 1979ರಲ್ಲಿ. ಹುಟ್ಟಲು ಕೂಟಕ್ಕೆ ಮೇಳ ಬೇಕಾಗಿರಲಿಲ್ಲ. ಮೂವತ್ತು ಸಾವಿರದಷ್ಟು ಸದಸ್ಯರನ್ನು ಕಂಡಿದ್ದ ಬಾಸ್ಟನ್ ಕಂಪ್ಯೂಟರ್ ಸೊಸೈಟಿ ಎಂಬ ಬಳಕೆದಾರರ ಕೂಟ ಬಾಗಿಲು ಹಾಕಿದ್ದು 1996ರಲ್ಲಿ, ಆಗ ಕಾಮ್‌ಡೆಕ್ಸ್ ತುಂಬಿ ತುಳುಕುತ್ತಿತ್ತು. ಅದು ಕೊನೆಯ ಬಾರಿ ನಡೆದದ್ದು 2003ರಲ್ಲಿ. ಜರ್ಮನಿಯ ಹ್ಯಾನೋವರಿನ ಸೆಬಿಟ್ ಮೇಳ 2018ರಲ್ಲಿ ಮುಗಿಯಿತು. ಹೊಸ ಸರಕಿನ ಸುದ್ದಿ ಮನೆಯಲ್ಲೇ ಸಿಗತೊಡಗಿದಾಗ ಕೂಟ, ಮೇಳ ಎರಡಕ್ಕೂ ಪೆಟ್ಟು ಬಿತ್ತು. ಇತ್ತ ನಮ್ಮ ಬೆಂಗಳೂರು ಟೆಕ್ ಸಮ್ಮಿಟ್ ನಡೆಯುತ್ತಲೇ ಇದೆ, ಅದರಿಂದ ದಾವಣಗೆರೆಯ ಡಿಟಿಪಿ ಅಂಗಡಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಆದ್ದರಿಂದ ಭಾಷಣಕಾರರೂ ಬೇಡ, ಪ್ರಾಯೋಜಕರೂ ಬೇಡ. ಕೆಲಸಕ್ಕೆ ಕೊರತೆಯಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ, ಆದರೆ ಅವುಗಳಲ್ಲಿ ಹೆಚ್ಚಿನವು ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಚೆನ್ನಾಗಿ ದುಡಿಯುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ದಾಖಲೆಗಳು ಮೊಬೈಲಿನಲ್ಲಿ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತವೆ. ಅವನ್ನು ಎಲ್ಲ ಯಂತ್ರಗಳೂ ಓದಬಲ್ಲ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಪಕ್ಕದಲ್ಲಿ ಕುಳಿತು ತಿದ್ದಿಕೊಡುವವರು ಪ್ರತಿ ಊರಿಗೂ ಬೇಕು. ವಾಟ್ಸಾಪ್ ಗುಂಪು ಇರಲಿ, ಆದರೆ ದಿನವನ್ನು ಬದಲಿಸುವ ಅಧಿಕಾರ ಅದಕ್ಕೆ ಬೇಡ.

ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಕೊಠಡಿ ಹುಡುಕಿರಿ. ಅದರ ಬೀಗದ ಕೈ ಇಬ್ಬರ ಬಳಿ ಇರಲಿ, ಒಬ್ಬರು ಊರಲ್ಲಿಲ್ಲದ ದಿನ ಇನ್ನೊಬ್ಬರು ಹತ್ತಕ್ಕೆ ಬಾಗಿಲು ತೆರೆಯಲಿ.