12 ವರ್ಷ ಬ್ಲೌಸ್ ಹೊಲಿದ ನನಗೆ ಎಂಬ್ರಾಯ್ಡರಿ ಮಷಿನ್ ಯಾಕೆ ಒಗ್ಗುತ್ತಿಲ್ಲ?

ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ತಂದು ಎರಡು ತಿಂಗಳಾಯಿತು, ಹೂವಿನ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ, ಇಷ್ಟು ವರ್ಷದ ಅನುಭವ ಉಪಯೋಗಕ್ಕೇ ಬರಲಿಲ್ಲ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಮೊದಲ ವರ್ಷ ಕಣ್ಣ ಮುಂದೆ ಬಂತು. ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಈ ಮಷಿನ್ ಬಂದು ಆರು ವರ್ಷವಾಯಿತು.

ಹೊಲಿಯುವಾಗ ಬಟ್ಟೆ ನಮ್ಮ ಕೈಯಲ್ಲಿರುತ್ತದೆ. ಎಲ್ಲಿ ಜಗ್ಗಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಬೆರಳಿಗೇ ಗೊತ್ತು, ಸೂಜಿ ಓಡುತ್ತಿರುವಾಗಲೇ ಸರಿಮಾಡಿಕೊಂಡು ಹೋಗುತ್ತೇವೆ. ಎಂಬ್ರಾಯ್ಡರಿ ಮಷಿನ್‌ನಲ್ಲಿ ಸೂಜಿಯ ಕೆಳಗಿನ ಹಲ್ಲು ಬಟ್ಟೆಯನ್ನು ತಳ್ಳುವುದಿಲ್ಲ, ಬಟ್ಟೆ ಹಿಡಿದಿರುವ ಫ್ರೇಮೇ ಓಡಾಡುತ್ತದೆ. ಬಟನ್ ಒತ್ತಿದ ಮೇಲೆ ಕೈ ಹಾಕುವಂತಿಲ್ಲ. ಬೆರಳು ಮಾಡುತ್ತಿದ್ದ ಕೆಲಸವೆಲ್ಲ ಅದಕ್ಕೆ ಮುಂಚೆಯೇ ಮುಗಿದಿರಬೇಕು.

ನಿಮ್ಮ ಸುಕ್ಕಿನ ಮೂಲ ಬಹುಶಃ ಫ್ರೇಮಿನಲ್ಲೇ ಇದೆ. ನಾನೂ ಬಟ್ಟೆ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಆಮೇಲೆ ನಾಲ್ಕೂ ಕಡೆ ಎಳೆಯುತ್ತಿದ್ದೆ. ಎಳೆದ ಬಟ್ಟೆಯ ಮೇಲೆ ಹೂವು ಚೆಂದವಾಗಿಯೇ ಬೀಳುತ್ತದೆ. ಫ್ರೇಮಿನಿಂದ ತೆಗೆದಾಗ ಬಟ್ಟೆ ತನ್ನ ಅಳತೆಗೆ ವಾಪಸ್ ಹೋಗುತ್ತದೆ, ದಾರ ಹೋಗುವುದಿಲ್ಲ. ಅಲ್ಲಿಗೆ ಸುಕ್ಕು. ಓರೆ ಎಳೆ ಎಷ್ಟು ಹಿಗ್ಗುತ್ತದೆ ಎಂದು ಕ್ರಾಸ್ ಕಟ್ ಬ್ಲೌಸ್ ಹೊಲಿದ ನಿಮಗೆ ಹೇಳಬೇಕಾಗಿಲ್ಲ. ಉದ್ದ ಎಳೆ, ಅಡ್ಡ ಎಳೆ ಫ್ರೇಮಿನ ಅಂಚಿಗೆ ನೇರ ಇರಲಿ, ಬಟ್ಟೆ ಸಪಾಟಾಗಿ ಕೂರಲಿ, ಬಿಗಿ ಮಾಡಿದ ಮೇಲೆ ಎಳೆಯಬೇಡಿ. ಅಡಿಗೆ ಬ್ಯಾಕಿಂಗ್ ಪೇಪರ್ ಹಾಕಿ, ಅದೂ ಬಟ್ಟೆಯ ಜೊತೆಗೇ ಫ್ರೇಮಿನೊಳಗೆ ಸಿಕ್ಕಿರಬೇಕು. ಕಾಟನ್‌ಗೆ ಹರಿದು ತೆಗೆಯುವಂಥದ್ದು ಸಾಕು. ಹಿಗ್ಗುವ ಬಟ್ಟೆಗೆ ಕತ್ತರಿಸಿ ತೆಗೆಯುವಂಥದ್ದೇ ಬೇಕು, ಅದು ಒಳಗೇ ಉಳಿದು ಹೂವನ್ನು ಹಿಡಿದಿಡುತ್ತದೆ. ಹಣ ಉಳಿಸಲು ನ್ಯೂಸ್‌ಪೇಪರ್ ಹಾಕಬೇಡಿ. ನಾನು ಹಾಕಿ ತಿಳಿ ಬಣ್ಣದ ಬಟ್ಟೆಗೆ ಮಸಿ ಹತ್ತಿಸಿಕೊಂಡಿದ್ದೇನೆ.

ಇನ್ನೊಂದು ಮಾತು, ಕತ್ತರಿ ಆಮೇಲೆ. ಒಬ್ಬ ಗಿರಾಕಿಯ ರೇಷ್ಮೆ ತೋಳನ್ನು ಮೊದಲು ಕತ್ತರಿಸಿ, ನಂತರ ಫ್ರೇಮಿಗೆ ಹಾಕಲು ಹೋದೆ. ಅಂಚು ಹಿಡಿಯಲಿಲ್ಲ, ಬಟ್ಟೆ ಜಾರಿತು, ಹೂವು ಸೊಟ್ಟಗಾಯಿತು. ಹೊಸ ಬಟ್ಟೆ ತಂದು ಕೊಟ್ಟೆ. ಆರಿ ವರ್ಕ್‌ನವರು ಮಾಡುವ ಹಾಗೆ ಇಡೀ ಬಟ್ಟೆಯ ಮೇಲೆ ತೋಳಿನ ಗುರುತು ಹಾಕಿ, ನಡುವೆ ಕೂಡು (+) ಗೆರೆ ಎಳೆದು, ಎಂಬ್ರಾಯ್ಡರಿ ಮುಗಿದ ಮೇಲೆ ಅಳತೆ ಮತ್ತೊಮ್ಮೆ ನೋಡಿ ಕತ್ತರಿಸಿ. ಹೊಲಿಗೆ ಬಿದ್ದಷ್ಟೂ ಬಟ್ಟೆ ಸ್ವಲ್ಪ ಒಳಗೆ ಸೆಳೆಯುತ್ತದೆ.

ಕೆಳಗಿನ ದಾರದ ಬಾಬಿನ್‌ಗೆ ನಮ್ಮ ಮಾಮೂಲಿ ಹೊಲಿಗೆ ದಾರ ಸುತ್ತಬೇಡಿ, ಅದು ದಪ್ಪ. ಎಂಬ್ರಾಯ್ಡರಿಗೆಂದೇ ತೆಳು ಬಾಬಿನ್ ದಾರ ಸಿಗುತ್ತದೆ. ಮೇಲಿನ ದಾರ ಪೋಣಿಸುವಾಗ ಪಾದ ಎತ್ತಿರಬೇಕು, ಇಲ್ಲದಿದ್ದರೆ ದಾರ ಟೆನ್ಷನ್ (ಬಿಗಿತ) ಕೊಡುವ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಸಾಮಾನ್ಯ ಕೆಲಸಕ್ಕೆ 75/11 ನಂಬರಿನ ಸೂಜಿ. ಜರಿ ದಾರಕ್ಕೆ 90/14, ವೇಗವೂ ಕಡಿಮೆ.

ಡಿಸೈನ್ ಮಾಡುವುದನ್ನು ನಿಧಾನವಾಗಿ ಕಲಿಯಿರಿ. ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ, ಎಂಬ್ರಾಯ್ಡರಿ ಡಿಸೈನ್ ಮಾಡುವ ಇಂಕ್‌ಸ್ಟಿಚ್ ಉಚಿತ. ಫೋಟೋ ಹಾಕಿದರೆ ಹೂವು ತಾನೇ ಬರುತ್ತದೆ ಎನ್ನುವುದನ್ನು ನಂಬಬೇಡಿ. ಎಸಳಿನ ಎಳೆ ಯಾವ ದಿಕ್ಕಿಗೆ ಮಲಗಬೇಕು, ಯಾವುದು ಮೊದಲು ಬೀಳಬೇಕು ಎನ್ನುವುದನ್ನು ನೀವೇ ನಿರ್ಧರಿಸಬೇಕು. ಬೆಳಕಿಗೆ ರೇಷ್ಮೆ ಹೇಗೆ ಬಣ್ಣ ಬದಲಿಸುತ್ತದೆ ಎಂದು ವರ್ಷಗಟ್ಟಲೆ ನೋಡಿದ ಕಣ್ಣು ಅಲ್ಲಿ ನಿಜವಾಗಿ ಕೆಲಸ ಮಾಡುತ್ತದೆ.

ಇಳಕಲ್ ಸೀರೆಯ ಬ್ಲೌಸಿಗೆ ಗೋಪುರ, ತುಳಸಿಕಟ್ಟೆ ಬೇಕು ಎಂದು ಬರುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ಇದು ಕಸೂತಿಯ ಚಿತ್ತಾರ, ಕೈಯಲ್ಲಿ ಹಾಕುವ ಕಸೂತಿಯಲ್ಲ. ಗವಂತಿ, ಮುರಗಿ ಎಂಬ ಕಸೂತಿ ಹೊಲಿಗೆಗಳಲ್ಲಿ ಎಳೆ ಎಣಿಸಿ ಒಂದೇ ದಾರದಲ್ಲಿ ಗಂಟಿಲ್ಲದೆ ಹಾಕುತ್ತಾರೆ, ಎರಡೂ ಬದಿ ಒಂದೇ ಥರ ಕಾಣುತ್ತದೆ. ಮಷಿನ್‌ನಲ್ಲಿ ಎರಡು ದಾರ ಕೊಂಡಿ ಹಾಕಿಕೊಳ್ಳುತ್ತವೆ, ಅದು ಆಗದ ಮಾತು. ಧಾರವಾಡದ ಕಡೆ ಕಣ್ಣು ಸೋಲಿಸಿಕೊಂಡು ಆ ಕೆಲಸ ಮಾಡುವ ಹೆಣ್ಣುಮಕ್ಕಳ ಹೆಸರಿನಲ್ಲಿ ನಮ್ಮದನ್ನು ಮಾರಬಾರದು.

ಸದ್ಯಕ್ಕೆ ಹೀಗೆ ಮಾಡಿ. ಅಂಗಡಿಯಲ್ಲಿ ಉಳಿದ ಕಾಟನ್ ತುಂಡಿಗೆ ಬ್ಯಾಕಿಂಗ್ ಹಾಕಿ, ಎಳೆಯದೆ ಫ್ರೇಮಿಗೆ ಕೂರಿಸಿ ಒಂದು ಎಲೆ ತೆಗೆಯಿರಿ. ತಿರುಗಿಸಿ ನೋಡಿ. ಒತ್ತೊತ್ತಾಗಿ ತುಂಬುವ ಸ್ಯಾಟಿನ್ ಹೊಲಿಗೆಯ ಹಿಂಬದಿಯಲ್ಲಿ ನಡುವಿನ ಮೂರನೇ ಒಂದು ಭಾಗ ಬಿಳಿ ಬಾಬಿನ್ ದಾರ ಕಂಡರೆ ಟೆನ್ಷನ್ ಸರಿಯಿದೆ. ಹಾಗೆ ಕಾಣದಿದ್ದರೆ ಹಿಂಬದಿಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.